8 ಮುಟ್ಟಲ್ಲ ಅಂತ ಆರನೇ ಸೆಮ್‌ನಲ್ಲೇ ಗೊತ್ತಾಯಿತು: ನನ್ನ ಸಿಜಿಪಿಎ ಲೆಕ್ಕ

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಫಲಿತಾಂಶದ ಪುಟದಲ್ಲಿ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಹಾಕಿದರೆ ಸಿಜಿಪಿಎ, ಅಂದರೆ ಎಲ್ಲ ಸೆಮ್ ಸೇರಿ ಹತ್ತಕ್ಕೆ ಎಷ್ಟು ಅನ್ನುವ ಸರಾಸರಿ, ಕಾಣುವುದಿಲ್ಲ. ಒಂದೊಂದು ವಿಷಯಕ್ಕೂ ಇಂಟರ್ನಲ್ (ಕಾಲೇಜಿನಲ್ಲೇ ಕೊಡುವ ಅಂಕ) ಎಷ್ಟು, ಎಕ್ಸ್‌ಟರ್ನಲ್ (ಸೆಮ್ ಕೊನೆಯ ಪರೀಕ್ಷೆ) ಎಷ್ಟು, ಒಟ್ಟು ಎಷ್ಟು, ಪಕ್ಕದಲ್ಲಿ ಪಾಸೋ ಫೇಲೋ, ಅಷ್ಟೇ. ಗ್ರೇಡ್ ಕಾರ್ಡ್ ಕೈಸೇರುವುದು ಆಮೇಲೆ. ಆದರೆ ಮನೆಯವರಿಗೆ, ಪ್ಲೇಸ್‌ಮೆಂಟ್ ಆಫೀಸಿಗೆ, ಹಾಸ್ಟೆಲ್ ಕಾರಿಡಾರ್‌ನಲ್ಲಿ ಸಿಕ್ಕ ಸೀನಿಯರ್‌ಗೆ ಎಲ್ಲರಿಗೂ ನಂಬರ್ ಬೇಕಿರುವುದು ಅವತ್ತೇ. ಹಾಗಾಗಿ ಅಲ್ಲಿ ಓದಿದವರಲ್ಲಿ ತುಂಬಾ ಜನ ಈ ಲೆಕ್ಕವನ್ನು ತಾವೇ ಹಾಕಿಕೊಳ್ಳುತ್ತಾರೆ. ನಾನೂ ಎಂಟು ಸೆಮಿಸ್ಟರ್ ಹಾಕಿದೆ. ಅದರಲ್ಲಿ ಏನೇನು ಕಂಡಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದ್ದು 2018ರಲ್ಲಿ, ಕಂಪ್ಯೂಟರ್ ಸೈನ್ಸ್, ಹಾಸನದಲ್ಲಿ. ಅದೇ ವರ್ಷ ಹೊಸ ಸ್ಕೀಮ್ ಬಂದಿತ್ತು. ಸ್ಕೀಮ್ ಅಂದರೆ ಯಾವ ಸೆಮ್‌ನಲ್ಲಿ ಯಾವ ವಿಷಯ, ಯಾವುದಕ್ಕೆ ಎಷ್ಟು ಕ್ರೆಡಿಟ್ ಅನ್ನುವ ಪಟ್ಟಿ. ಕ್ರೆಡಿಟ್ ಅಂದರೆ ಲೆಕ್ಕದಲ್ಲಿ ಆ ವಿಷಯಕ್ಕಿರುವ ತೂಕ. ನಮ್ಮದು ನಾಲ್ಕು ವರ್ಷಕ್ಕೆ ಒಟ್ಟು 175 ಕ್ರೆಡಿಟ್. ಮೊದಲ ಎರಡು ಸೆಮ್ 20, 20. ಆಮೇಲೆ 24, 24, 25, 24. ಕೊನೆಯ ಎರಡು 20 ಮತ್ತು 18. ಈ ಎಂಟು ಸಂಖ್ಯೆ ಮುಂದೆ ಬಹಳ ಕೆಲಸಕ್ಕೆ ಬರುತ್ತವೆ, ನೆನಪಿಟ್ಟುಕೊಳ್ಳಿ. ಫಲಿತಾಂಶದಲ್ಲಿ ಕ್ರೆಡಿಟ್ ಇರುವುದಿಲ್ಲ, ಅದನ್ನು ಸ್ಕೀಮ್ ಪಿಡಿಎಫ್ ತೆರೆದು ನೋಡಬೇಕು. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ಗಳಿವೆ ನಿಜ. ಆದರೆ ಅದರೊಳಗೆ ಬೇರೆ ಸ್ಕೀಮ್ ಆರಿಸಿಕೊಂಡರೆ ಬರುವ ಉತ್ತರ ಬೇರೆಯವರದ್ದು.

ಸುಮ್ನೆ ಹೇಳುತ್ತಿಲ್ಲ, ಮೊದಲ ಸಲ ಈ ಪದ್ಧತಿಗೆ ತಲೆ ಹೊಂದಿಸಿಕೊಳ್ಳುವುದು ಕಷ್ಟವೇ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ ಎಷ್ಟು, ಪಿಯುಸಿಯಲ್ಲಿ 600ಕ್ಕೆ ಎಷ್ಟು ಅಂತ ಕೇಳಿ ಬೆಳೆದವರು ನಾವು. ಒಂದು ಅಂಕ ಬಂದರೆ ಒಂದು ಅಂಕ ಸೇರಿತು, ಅಷ್ಟೇ ಲೆಕ್ಕ. ಇಲ್ಲಿ ಹಾಗಿಲ್ಲ. 90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ 10 ಪಾಯಿಂಟ್. 80ರಿಂದ 89ರವರೆಗೆ 9. 70ರಿಂದ 79 ಆದರೆ 8. 60ರಿಂದ 69 ಆದರೆ 7. ಹೀಗೇ ಇಳಿಯುತ್ತಾ 40ಕ್ಕೆ ಕೂದಲೆಳೆಯಲ್ಲಿ ಪಾಸಾದವನಿಗೆ 4. ಫೇಲಾದರೆ ಸೊನ್ನೆ. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿ, ಸೆಮ್‌ನ ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಆ ಸೆಮ್‌ನ ಎಸ್‌ಜಿಪಿಎ. ಇದನ್ನೇ ಎಲ್ಲ ಸೆಮ್‌ಗಳಿಗೂ ಸೇರಿಸಿ ಮಾಡಿದರೆ ಸಿಜಿಪಿಎ.

ನನ್ನ ಮೊದಲ ಸೆಮ್ ಫಿಸಿಕ್ಸ್ ಸೈಕಲ್, ಅಂದರೆ ಫಿಸಿಕ್ಸ್ ಇರುವ ವಿಷಯಗಳ ಗುಂಪು. ಗಣಿತ 4 ಕ್ರೆಡಿಟ್, ನನಗೆ 64 ಬಂದಿತ್ತು, ಅಂದರೆ 7 ಪಾಯಿಂಟ್, ಗುಣಿಸಿದರೆ 28. ಫಿಸಿಕ್ಸ್ ಕೂಡ 4, ಅಂಕ 71, ಪಾಯಿಂಟ್ 8, ಗುಣಿಸಿದರೆ 32. ಬೇಸಿಕ್ ಎಲೆಕ್ಟ್ರಿಕಲ್ 3 ಕ್ರೆಡಿಟ್, ಸರಿಯಾಗಿ 60, ಹಾಗಾಗಿ 21. ಸಿವಿಲ್ 3 ಕ್ರೆಡಿಟ್, 67, ಅದೂ 21. ಇಂಜಿನಿಯರಿಂಗ್ ಗ್ರಾಫಿಕ್ಸ್ 3 ಕ್ರೆಡಿಟ್, 82, ಅದರಿಂದ 27. ಆಮೇಲೆ ಒಂದೊಂದೇ ಕ್ರೆಡಿಟ್‌ನ ಮೂರು: ಫಿಸಿಕ್ಸ್ ಲ್ಯಾಬ್ 91ಕ್ಕೆ 10, ಎಲೆಕ್ಟ್ರಿಕಲ್ ಲ್ಯಾಬ್ 88ಕ್ಕೆ 9, ಇಂಗ್ಲಿಷ್ 84ಕ್ಕೆ 9. ಕೂಡಿದರೆ 157. 20ರಿಂದ ಭಾಗಿಸಿದರೆ 7.85.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹತ್ತಕ್ಕಾ? ಅದೆಲ್ಲಾ ಸರಿ ಕಣೋ, ಪರ್ಸೆಂಟ್ ಎಷ್ಟು?" ಅಂದರು. ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಅದೇ ಒಂದು ದೊಡ್ಡ ಕಥೆ.

ಮೇಲಿನ ಲೆಕ್ಕವನ್ನು ಒಂದು ಸಲ ಕೈಯಲ್ಲಿ ಬರೆದರೆ ಎರಡು ವಿಷಯ ಕಣ್ಣಿಗೆ ಹೊಡೆಯುತ್ತವೆ. ಮೊದಲನೆಯದು, ಲ್ಯಾಬ್‌ನಲ್ಲಿ ತೊಂಬತ್ತು ದಾಟಿದೆ ಅಂತ ಕುಣಿದರೂ ಸಿಗುವುದು 10 ಪಾಯಿಂಟ್, ಗಣಿತದಲ್ಲಿ ಸಾಧಾರಣ ಅಂಕ ಬಂದರೂ 28. ಎರಡನೆಯದು ಇನ್ನೂ ವಿಚಿತ್ರ. ಎಲೆಕ್ಟ್ರಿಕಲ್‌ನಲ್ಲಿ ನನಗೆ 60, ಪಕ್ಕದ ಬೆಂಚಿನವನಿಗೆ 69. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಒಂದೇ ಊಟ ಬಡಿಸಿದ ಹಾಗೆ ಇಬ್ಬರಿಗೂ 7. ಅವನಿಗೆ ಇನ್ನೊಂದು ಅಂಕ ಬಂದಿದ್ದರೆ 8. ನನಗೆ ಒಂದು ಕಡಿಮೆಯಾಗಿದ್ದರೆ ಕೆಳಗಿನ ಪಂಕ್ತಿ. ಅವನಿಗೆ ಹೊಟ್ಟೆ ಉರಿದದ್ದು ನ್ಯಾಯವೇ, ಅಲ್ವಾ?

ಎರಡನೇ ಸೆಮ್ 7.30. ಮೂರನೆಯದು 7.04, ಅದು ನನ್ನ ಪಾತಾಳ. ಆ ಸೆಮ್‌ನಲ್ಲಿ ಆಡಳಿತ ಕನ್ನಡ ಇತ್ತು. ಕನ್ನಡ ಬಲ್ಲವರಿಗೆ ಅದು, ಬರದವರಿಗೆ ವ್ಯಾವಹಾರಿಕ ಕನ್ನಡ. ಅರ್ಜಿ ಬರೆಯುವುದು, ಟಿಪ್ಪಣಿ ಬರೆಯುವುದು, ನನಗೆ ಅದೆಲ್ಲ ಸಲೀಸು. 93 ಬಂತು. ಆದರೆ ಒಂದೇ ಕ್ರೆಡಿಟ್. ಅದೇ ಸೆಮ್‌ನ ಗಣಿತ 3 ಕ್ರೆಡಿಟ್, ಅದರಲ್ಲಿ 62. ಕನ್ನಡ ಕೊಟ್ಟದ್ದು 10, ಗಣಿತ ಕೊಟ್ಟದ್ದು 21, ಗಣಿತದಲ್ಲಿ ಕೈಬಿಟ್ಟದ್ದು 9. ಸೆಮ್‌ನ ಒಟ್ಟು ಹೊರೆ 24 ಕ್ರೆಡಿಟ್ ಇರುವಾಗ ಒಂದು ಕ್ರೆಡಿಟ್‌ನ ವಿಷಯ ಎಷ್ಟು ಎತ್ತಬಲ್ಲದು?

ರೂಮ್‌ಮೇಟ್‌ಗೆ ಆ ಗಣಿತವೇ ಫೇಲಾಯಿತು. ಫೇಲಾದ ವಿಷಯಕ್ಕೆ ಪಾಯಿಂಟ್ ಸೊನ್ನೆ, ಆದರೆ ಅದರ 3 ಕ್ರೆಡಿಟ್ ಭಾಗಿಸುವ ಕಡೆ ಹಾಗೇ ಕೂತಿರುತ್ತದೆ. ಅವನಿಗೆ 7 ಪಾಯಿಂಟ್ ಬಂದಿದ್ದರೆ 21 ಸೇರುತ್ತಿತ್ತು. 21ನ್ನು 24ರಿಂದ ಭಾಗಿಸಿ ನೋಡಿ, 0.87ಕ್ಕಿಂತ ಜಾಸ್ತಿ. ಒಂದು ಪೇಪರ್ ಹೋಗಿದ್ದಕ್ಕೆ ಎಸ್‌ಜಿಪಿಎ ಹೆಚ್ಚುಕಮ್ಮಿ ಒಂದು ಪೂರ್ತಿ ಮೆಟ್ಟಿಲು ಜಾರಿತು. "ಮಗಾ, ಉಳಿದ ಏಳೆಂಟು ಸಬ್ಜೆಕ್ಟ್ ಪಾಸಾಗಿದ್ದೀನಿ, ಅದು ಲೆಕ್ಕಕ್ಕಿಲ್ವಾ?" ಅಂದ. ಇದೆ, ಆದರೆ ಅವುಗಳ ಹೆಗಲ ಮೇಲೆ ಇದನ್ನೂ ಹೊರಿಸಿದ್ದಾರೆ.

ನಾಲ್ಕನೇ ಸೆಮ್ ಹೊತ್ತಿಗೆ ಕೊರೊನಾ. ನಾವೆಲ್ಲ ಮನೆಯಲ್ಲಿ. 2020ರ ಜುಲೈನಲ್ಲಿ ರಾಜ್ಯ ಸರ್ಕಾರ ಅಂತಿಮ ವರ್ಷದವರಿಗೆ ಮಾತ್ರ ಪರೀಕ್ಷೆ, ಮಧ್ಯದ ಸೆಮ್‌ನವರು ಹಾಗೇ ಮುಂದಕ್ಕೆ ಅಂತ ಹೇಳಿತು. ಅಂಕ ಕೊಡುವುದು ಅರ್ಧ ಇಂಟರ್ನಲ್ ನೋಡಿ, ಅರ್ಧ ಹಿಂದಿನ ಸೆಮ್ ನೋಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಬ್ಬ. ನನಗೆ ಮಾತ್ರ ಅಷ್ಟೇನೂ ಖುಷಿ ಇರಲಿಲ್ಲ. ಹಿಂದಿನ ಸೆಮ್ ಅಂದರೆ ಮೂರನೆಯದು, ನನ್ನ ಪಾತಾಳ. ಅದರ ನೆರಳು ಇನ್ನೊಂದು 24 ಕ್ರೆಡಿಟ್ ಮೇಲೆ ಬೀಳುತ್ತದೆ ಅಂತ ಆಯಿತು. ಇಂಟರ್ನಲ್ ಚೆನ್ನಾಗಿದ್ದದ್ದರಿಂದ 7.42ಕ್ಕೆ ನಿಂತಿತು.

ಲಾಕ್‌ಡೌನ್‌ನಲ್ಲಿ ಬೇರೆ ಕೆಲಸ ಇರಲಿಲ್ಲವಲ್ಲ, ಆಗ ಗೂಗಲ್ ಶೀಟ್‌ನಲ್ಲಿ ಒಂದು ಶೀಟ್ ಮಾಡಿದೆ. ಒಂದು ಕಾಲಂನಲ್ಲಿ ವಿಷಯ, ಇನ್ನೊಂದರಲ್ಲಿ ಕ್ರೆಡಿಟ್, ಮತ್ತೊಂದರಲ್ಲಿ ಅಂಕ. ಅಂಕ ಹಾಕಿದರೆ ಪಾಯಿಂಟ್ ತಾನೇ ಬರುತ್ತದೆ. ಕೆಳಗೆ ಸಮ್‌ಪ್ರಾಡಕ್ಟ್ ಅನ್ನುವ ಒಂದು ಫಾರ್ಮುಲಾ, ಎರಡು ಕಾಲಂ ಗುಣಿಸಿ ಕೂಡಿ ಕೊಡುತ್ತದೆ. ಮುಗಿಯಿತು. ಎಸ್‌ಜಿಪಿಎ ಬೇಕಿದ್ದರೆ ಆ ಸೆಮ್‌ನ ಸಾಲುಗಳು, ಸಿಜಿಪಿಎ ಬೇಕಿದ್ದರೆ ಎಲ್ಲ ಸಾಲುಗಳು. ಇದನ್ನು ಮಾಡಲು ಕಂಪ್ಯೂಟರ್ ಸೈನ್ಸ್ ಓದಬೇಕಿಲ್ಲ. ಶೀಟ್‌ನ ನಿಜವಾದ ಲಾಭ ಉತ್ತರ ಸಿಗುವುದಲ್ಲ, "ಹೀಗಾಗಿದ್ದರೆ?" ಅಂತ ಅಂಕ ತಿದ್ದಿ ನೋಡಬಹುದು. ಅದೇ ಚಟ ಹತ್ತುವುದು ಕೂಡ.

ಐದನೇ ಸೆಮ್‌ನಲ್ಲಿ ಆ ಚಟ ಕೆಲಸಕ್ಕೆ ಬಂತು. ಡಿಬಿಎಂಎಸ್ (ಡೇಟಾಬೇಸ್ ಕುರಿತ ವಿಷಯ) 4 ಕ್ರೆಡಿಟ್, ನನಗೆ 69. ಇಂಟರ್ನಲ್ 40ಕ್ಕೆ 34, ಪರೀಕ್ಷೆ 60ಕ್ಕೆ 35. ಪರೀಕ್ಷೆ ಬರೆಯುವುದು ನೂರಕ್ಕೆ, ಅದನ್ನು 60ಕ್ಕೆ ಇಳಿಸುತ್ತಾರೆ. ಅಂದರೆ ಉತ್ತರ ಪತ್ರಿಕೆಯಲ್ಲಿ ಎಲ್ಲೋ ಒಂದೆರಡು ಅಂಕ ಸಿಕ್ಕರೆ 35 ಹೋಗಿ 36 ಆಗುತ್ತದೆ, 69 ಹೋಗಿ 70, 7 ಹೋಗಿ 8. ರೀವ್ಯಾಲ್ಯುಯೇಷನ್, ಅಂದರೆ ಮರುಮೌಲ್ಯಮಾಪನಕ್ಕೆ ಹಾಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ನಮ್ಮಲ್ಲಿ ಜಾಸ್ತಿ ಜನ ಮಾಡುವುದು ಉಲ್ಟಾ: ತುಂಬಾ ಕಡಿಮೆ ಬಂದ ವಿಷಯಕ್ಕೆ ದುಡ್ಡು ಕಟ್ಟುತ್ತಾರೆ. ಪಾಸಾದ ವಿಷಯವಾದರೆ 62ನ್ನು 66 ಮಾಡಿಸಿಕೊಂಡು ಏನೂ ಪ್ರಯೋಜನವಿಲ್ಲ, ಗ್ರೇಡ್ ಬದಲಾಗುವುದಿಲ್ಲ. 69, 79, 89 ಇವಕ್ಕೆ ಕಟ್ಟಬೇಕು. ನಾನು ಕಟ್ಟಿದೆ. ಬದಲಾವಣೆ ಇಲ್ಲ ಅಂತ ಬಂತು. ಸೆಮ್ 7.24ಕ್ಕೆ ನಿಂತಿತು.

ಆರನೇ ಸೆಮ್ 7.79. ಅಲ್ಲಿಗೆ 137 ಕ್ರೆಡಿಟ್ ಮುಗಿದು ಕೈಯಲ್ಲಿ 1018 ಪಾಯಿಂಟ್ ಇತ್ತು. ಭಾಗಿಸಿದರೆ 7.43. ಅವತ್ತು ರಾತ್ರಿ ಶೀಟ್‌ನಲ್ಲಿ ಉಳಿದ ಎರಡೂ ಸೆಮ್‌ನ ಎಲ್ಲ ವಿಷಯಕ್ಕೂ 10 ತುಂಬಿಸಿ ನೋಡಿದೆ. ಪ್ರತಿಯೊಂದರಲ್ಲೂ ತೊಂಬತ್ತರ ಮೇಲೆ, ಒಂದನ್ನೂ ಬಿಡದೆ. 38 ಕ್ರೆಡಿಟ್‌ಗೆ 380 ಪಾಯಿಂಟ್. 1018ಕ್ಕೆ ಸೇರಿಸಿದರೆ 1398, 175ರಿಂದ ಭಾಗಿಸಿದರೆ 7.99.

ಅಂದರೆ ದೇವರೇ ಬಂದು ಪರೀಕ್ಷೆ ಬರೆದುಕೊಟ್ಟರೂ ನನಗೆ 8 ಇಲ್ಲ. ಇನ್ನೂ ಒಂದು ವರ್ಷ ಓದುವುದು ಬಾಕಿ ಇದೆ, ಆದರೆ ಆ ಬಾಗಿಲು ಆಗಲೇ ಮುಚ್ಚಿದೆ. "ಫೈನಲ್ ಇಯರ್‌ನಲ್ಲಿ ಎಳ್ಕೋಬಹುದು" ಅಂತ ಸೀನಿಯರ್‌ಗಳು ಹೇಳುತ್ತಾರಲ್ಲ, ಆ ಮಾತಿಗೆ ಒಂದು ಮಿತಿ ಇದೆ, ಮತ್ತು ಆ ಮಿತಿಯನ್ನು ಯಾರು ಬೇಕಾದರೂ ಒಂದು ನಿಮಿಷದಲ್ಲಿ ಲೆಕ್ಕ ಹಾಕಬಹುದು, ಆದರೆ ಯಾರೂ ಹಾಕುವುದಿಲ್ಲ. ಮೊದಲ ಮೂರು ವರ್ಷದಲ್ಲೇ 175ರಲ್ಲಿ 137 ಖರ್ಚಾಗಿರುತ್ತದೆ. ಎಳೆದುಕೊಳ್ಳಲು ಉಳಿಯುವುದು 38.

8 ಹೋಯಿತು, 7.75 ಆದರೂ ಸಿಗಬಹುದಾ ಅಂತ ನೋಡಿದೆ. ಯಾಕೆ 7.75 ಅಂದರೆ ಅಪ್ಪನ ಪರ್ಸೆಂಟ್ ಪ್ರಶ್ನೆಗೇ ಹೋಗಬೇಕು. ನಮ್ಮ ಸ್ಕೀಮ್‌ಗೆ ಸಿಜಿಪಿಎಯಲ್ಲಿ 0.75 ಕಳೆದು, ಬಂದದ್ದನ್ನು 10ರಿಂದ ಗುಣಿಸಬೇಕು. 6.75 ಇದ್ದರೆ 60 ಪರ್ಸೆಂಟ್, ಅದು ಫಸ್ಟ್ ಕ್ಲಾಸ್. 7.75 ಇದ್ದರೆ 70, ಅದು ಡಿಸ್ಟಿಂಕ್ಷನ್. ನನ್ನ 7.43 ಆಗ 66.8.

ಯಾಕೆ ಕಳೆಯಬೇಕು, ಸುಮ್ನೆ 10ರಿಂದ ಗುಣಿಸಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾನು ಯೋಚಿಸಿದ್ದು ಹೀಗೆ. ಒಬ್ಬ ಹುಡುಗಿಗೆ ಎಲ್ಲ ವಿಷಯದಲ್ಲೂ 8 ಪಾಯಿಂಟ್ ಅಂದುಕೊಳ್ಳಿ. ಅಂದರೆ ಅವಳ ಅಂಕ ಎಲ್ಲದರಲ್ಲೂ 70ಕ್ಕೂ 79ಕ್ಕೂ ನಡುವೆ ಇದೆ. 10ರಿಂದ ಗುಣಿಸಿದರೆ 80 ಪರ್ಸೆಂಟ್. ಅವಳಿಗೆ ಯಾವ ಒಂದು ವಿಷಯದಲ್ಲೂ 80 ಬಂದೇ ಇಲ್ಲ, ಒಟ್ಟು 80 ಎಲ್ಲಿಂದ ಬಂತು? 0.75 ಕಳೆದರೆ 72.5 ಬರುತ್ತದೆ, ಅದು ಆ ಸಾಲಿನ ಒಳಗೇ ಇರುವ ಸಂಖ್ಯೆ. ಸ್ವಲ್ಪ ಕಂಜೂಸಿ ಅನ್ನಿಸಿದರೂ ಅರ್ಥವಿದೆ. 79ರ ಹತ್ತಿರ ಹತ್ತಿರ ತೆಗೆದವರಿಗೆ ಮಾತ್ರ ಇದು ಸುಡುತ್ತದೆ.

ಈ ಸೂತ್ರದ ಬಿಸಿ ತಟ್ಟಿದ್ದು ಪ್ಲೇಸ್‌ಮೆಂಟ್‌ನಲ್ಲಿ. ಒಂದು ಕಂಪನಿಯ ನೋಟಿಸ್‌ನಲ್ಲಿ "70 ಪರ್ಸೆಂಟ್ ಅಥವಾ 7 ಸಿಜಿಪಿಎ" ಅಂತ ಇತ್ತು. ಇವೆರಡೂ ಒಂದೇ ಅಂತ ಬರೆದವರ ನಂಬಿಕೆ. ನಮ್ಮ ಲೆಕ್ಕದಲ್ಲಿ 7 ಸಿಜಿಪಿಎ ಅಂದರೆ 62.5. ನೋಟಿಸ್ ಪ್ರಕಾರ ನಾನು ಅರ್ಹ. ಲಿಂಕ್ ತೆರೆದರೆ ಫಾರ್ಮ್‌ನಲ್ಲಿ ಸಿಜಿಪಿಎ ತುಂಬಲು ಜಾಗವೇ ಇಲ್ಲ, ಪರ್ಸೆಂಟ್ ಒಂದೇ. 66.8 ಹಾಕಿದರೆ ಕೆಂಪು ಅಕ್ಷರದಲ್ಲಿ ಅರ್ಹರಲ್ಲ ಅಂತ ಬರುತ್ತದೆ. ರೂಮ್‌ಮೇಟ್ "74.3 ಹಾಕೋ, ಯಾರ್ ನೋಡ್ತಾರೆ" ಅಂದ. ಆಫರ್ ಬಂದ ಮೇಲೆ ದಾಖಲೆ ಪರಿಶೀಲನೆಯಲ್ಲಿ ನೋಡುವವರು ಇದ್ದೇ ಇರುತ್ತಾರೆ ಅಂತ ಹಾಕಲಿಲ್ಲ. ಪ್ಲೇಸ್‌ಮೆಂಟ್ ಆಫೀಸರ್ ಹತ್ತಿರ ಹೋಗಿ, ನಿಯಮಾವಳಿಯ ಆ ಪುಟ ತೋರಿಸಿ, ಕಂಪನಿಯವರಿಗೆ ಮೇಲ್ ಬರೆಸಿದೆ. ಅವರು ನಮ್ಮ ಕಾಲೇಜಿನವರಿಗೆ ಸಿಜಿಪಿಎ ಮೇಲೇ ತೆಗೆದುಕೊಂಡರು. ಕೇಳಿದರೆ ಸಿಗುತ್ತದೆ, ಕೇಳಲು ಕಾಗದ ಕೈಯಲ್ಲಿರಬೇಕು. ಟೆಸ್ಟ್ ಪಾಸಾಗಲಿಲ್ಲ, ಅದು ಬೇರೆ ಮಾತು.

ನಮ್ಮ ಕ್ಲಾಸಿನಲ್ಲಿ ಡಿಪ್ಲೊಮಾ ಮುಗಿಸಿ ಮೂರನೇ ಸೆಮ್‌ಗೆ ನೇರವಾಗಿ ಬಂದ ಗೆಳೆಯರಿದ್ದರು. ಅವರ ಲೆಕ್ಕ 175ಕ್ಕೆ ಅಲ್ಲ, 135ಕ್ಕೆ. ಮೊದಲ ವರ್ಷದ 40 ಕ್ರೆಡಿಟ್ ಅವರಿಗಿಲ್ಲ. ಹಾಗಾಗಿ ಕೊನೆಯ ವರ್ಷದ ಅದೇ 38 ಕ್ರೆಡಿಟ್ ಅವರನ್ನು ನಮಗಿಂತ ಜಾಸ್ತಿ ಎಳೆಯುತ್ತದೆ, ಮೇಲಕ್ಕೂ, ಕೆಳಕ್ಕೂ.

7.75ಕ್ಕೆ ಬೇಕಿದ್ದದ್ದು ಉಳಿದ 38 ಕ್ರೆಡಿಟ್‌ನಲ್ಲಿ ಸರಾಸರಿ 8.90. ಅಲ್ಲಿಯವರೆಗೆ 8 ಕೂಡ ಒಮ್ಮೆಯೂ ಮುಟ್ಟದವನಿಗೆ 8.90. ಆದರೆ ಎಂಟನೇ ಸೆಮ್ ಬೇರೆ ಥರ. 18 ಕ್ರೆಡಿಟ್‌ನಲ್ಲಿ ಪ್ರಾಜೆಕ್ಟ್ ಒಂದೇ 8. ಇಂಟರ್ನ್‌ಶಿಪ್ 3, ಸೆಮಿನಾರ್ 1, ಥಿಯರಿ ಎರಡು, ತಲಾ 3. ಪ್ರಾಜೆಕ್ಟ್‌ನಲ್ಲಿ ತೊಂಬತ್ತು ದಾಟಿದರೆ ಒಂದೇ ಏಟಿಗೆ 80 ಪಾಯಿಂಟ್. ಮೊದಲ ಸೆಮ್‌ನಲ್ಲಿ ಗಣಿತ, ಫಿಸಿಕ್ಸ್ ಎರಡೂ ಸೇರಿ ನನಗೆ ಕೊಟ್ಟದ್ದು 60. ಮೂರು ತಿಂಗಳು ನಿದ್ದೆಗೆಟ್ಟು ಓದಿದ ಎರಡು ಪೇಪರ್‌ಗಿಂತ ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟ್ ಜಾಸ್ತಿ ತೂಗುತ್ತದೆ, ಆ ನಾಲ್ಕರಲ್ಲಿ ಕೋಡ್ ಬರೆದದ್ದು ಎಷ್ಟು ಜನ ಅಂತ ಇಲ್ಲಿ ಹೇಳುವುದು ಬೇಡ.

ಏಳನೇ ಸೆಮ್ 8.20, ಎಂಟನೆಯದು 9.17. ಫಲಿತಾಂಶ ಬಂದ ದಿನ ರೂಮ್‌ಮೇಟ್ ನನ್ನ ಎಂಟೂ ಎಸ್‌ಜಿಪಿಎ ಕೂಡಿ ಎಂಟರಿಂದ ಭಾಗಿಸಿ "ಮಗಾ, 7.75! ಡಿಸ್ಟಿಂಕ್ಷನ್!" ಅಂತ ಕೂಗಿದ. ಪಕ್ಕದ ರೂಮಿನವರೆಲ್ಲ ಬಂದರು. ಟ್ರೀಟ್ ಎಲ್ಲಿ ಅಂತ ಮಾತು ಶುರುವಾಯಿತು. ನಾನು ಶೀಟ್ ತೆರೆದೆ. 1347 ಪಾಯಿಂಟ್, 175 ಕ್ರೆಡಿಟ್, 7.70. ಪರ್ಸೆಂಟ್ 69.5.

ಅವನ ಕೂಡಿಸುವಿಕೆ ಸರಿಯಾಗೇ ಇತ್ತು. ಆದರೆ ಎಂಟರಿಂದ ಭಾಗಿಸುವುದು ಅಂದರೆ ಎಲ್ಲ ಸೆಮ್ ಸಮ ಅಂತ ಒಪ್ಪಿಕೊಂಡ ಹಾಗೆ. ನನ್ನ 9.17ರ ಹಿಂದೆ ಇರುವುದು 18 ಕ್ರೆಡಿಟ್, 7.04ರ ಹಿಂದೆ 24, 7.24ರ ಹಿಂದೆ 25. ಒಳ್ಳೆಯ ಸೆಮ್‌ಗಳು ಹಗುರ, ಕೆಟ್ಟವು ಭಾರ. ತಮಾಷೆ ಏನೆಂದರೆ ಆರನೇ ಸೆಮ್‌ವರೆಗೆ ಅವನ ದಾರಿಯಲ್ಲಿ ಹೋದರೆ 7.44, ಸರಿಯಾದ ದಾರಿಯಲ್ಲಿ 7.43, ಏನೂ ವ್ಯತ್ಯಾಸವೇ ಇಲ್ಲ. ಅದಕ್ಕೇ ಈ ಅಡ್ಡದಾರಿ ಇಷ್ಟು ವರ್ಷ ಯಾರಿಗೂ ಸಿಕ್ಕಿಬೀಳದೆ ನಡೆಯುತ್ತದೆ. ಕೊನೆಯ ಸೆಮ್‌ನಲ್ಲಿ ಕೈಕೊಡುತ್ತದೆ. ಟ್ರೀಟ್ ಮಾತ್ರ ತಪ್ಪಲಿಲ್ಲ.

ಆಮೇಲೆ ಶೀಟ್‌ನಲ್ಲಿ ಹುಡುಕಿದೆ, ಎಲ್ಲಿ ಸಿಗಬಹುದಿತ್ತು ಅಂತ. 7.75 ಆಗಲು ಇನ್ನು 9 ಪಾಯಿಂಟ್ ಸಾಕಿತ್ತು. ಡಿಬಿಎಂಎಸ್‌ನ 69, 70 ಆಗಿದ್ದರೆ 4. ಆರನೇ ಸೆಮ್‌ನಲ್ಲಿ ಕಂಪೈಲರ್ ಪೇಪರ್, ಅದೂ 4 ಕ್ರೆಡಿಟ್, ಅದರಲ್ಲಿ 79 ಬಂದಿತ್ತು, 80 ಆಗಿದ್ದರೆ ಇನ್ನೊಂದು 4. ಮೊದಲ ಸೆಮ್‌ನ ಎಲೆಕ್ಟ್ರಿಕಲ್ ಲ್ಯಾಬ್‌ನ 88, 90 ಆಗಿದ್ದರೆ 1. ಒಟ್ಟು 9. ಅಂಕದ ಲೆಕ್ಕದಲ್ಲಿ ಒಂದು, ಒಂದು, ಎರಡು. ನಾಲ್ಕು ವರ್ಷದಲ್ಲಿ ನಾಲ್ಕು ಅಂಕ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು, "ಆ ಎಲೆಕ್ಟ್ರಿಕಲ್ ಪೇಪರ್‌ನಲ್ಲಿ 60ರ ಬದಲು 59 ಬಂದಿದ್ದರೆ?" ಅದೂ ನಿಜ. ಗೆರೆಯ ಆ ಕಡೆ ಜಾರಿದ್ದನ್ನು ಎಣಿಸುವವರು ಈ ಕಡೆ ಬಚಾವಾದದ್ದನ್ನೂ ಎಣಿಸಬೇಕು. 60, 71, 91 ಎಲ್ಲವೂ ಅಂಚಿನಲ್ಲೇ ನಿಂತಿವೆ.

ಕೆಲಸಕ್ಕೆ ಸೇರಿದ ಮೇಲೆ ಈ ಸಂಖ್ಯೆ ಕೇಳುವವರು ಕಡಿಮೆ. ಆದರೆ ಜರ್ಮನಿಗೆ ಎಂಎಸ್ ಮಾಡಲು ಹೊರಟ ಸಹಪಾಠಿಗೆ ಮತ್ತೆ ಲೆಕ್ಕ ಶುರುವಾಯಿತು. ಅಲ್ಲಿ 1 ಅತಿ ಒಳ್ಳೆಯದು, 4 ಬರೀ ಪಾಸು, ನಮಗೆ ಪೂರ್ತಿ ತಲೆಕೆಳಗು. ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠದಲ್ಲಿ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಪಾಸಿನ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸಿ. ನನ್ನ 7.70 ಹಾಕಿ ನೋಡಿದೆ, ಪಾಸಿನ ಕನಿಷ್ಠ 4 ಅಂತ ಇಟ್ಟುಕೊಂಡರೆ 2.15. ಕನಿಷ್ಠವನ್ನು 5 ಅಂತ ಹಾಕಿದರೆ 2.38. ಆ ಒಂದು ಸಂಖ್ಯೆ ಎಷ್ಟು ಅಂತ ವಿಶ್ವವಿದ್ಯಾಲಯದ ಕಾಗದದಲ್ಲೇ ತೋರಿಸಬೇಕು, ನಾವು ಊಹಿಸಿ ಹಾಕುವ ಹಾಗಿಲ್ಲ.

ಚಿಕ್ಕಪ್ಪನ ಮಗಳು ಈಗ 2022ರ ಸ್ಕೀಮ್‌ನಲ್ಲಿ ಓದುತ್ತಿದ್ದಾಳೆ. ಅವರಿಗೆ ಪರ್ಸೆಂಟ್ ಅಂದರೆ ಸಿಜಿಪಿಎಯನ್ನು ನೇರವಾಗಿ 10ರಿಂದ ಗುಣಿಸಿದರೆ ಆಯಿತು. ಅವಳ 7.70 ಅಂದರೆ 77, ನನ್ನ 7.70 ಅಂದರೆ 69.5. "ಅಣ್ಣಾ, ನಿನಗಿಂತ ಏಳೂವರೆ ಜಾಸ್ತಿ" ಅಂತ ಮದುವೆಮನೆಯಲ್ಲಿ ಎಲ್ಲರ ಮುಂದೆ ಹೇಳಿದಳು. ಶೀಟ್ ಕೊಡು ಅಂತ ಕೇಳಿದ್ದಾಳೆ. ಕೊಟ್ಟಿದ್ದೇನೆ, ಕ್ರೆಡಿಟ್ ಕಾಲಂ ಖಾಲಿ ಮಾಡಿ. ಅವಳ ಸ್ಕೀಮ್ ಪಿಡಿಎಫ್ ನೋಡಿ ಅವಳೇ ತುಂಬಲಿ.